ನಿಧಿಯ ಕೆಂಪು ಸೋಮವಾರ

ಆಟಗಾರ ಎಷ್ಟು ಒಳ್ಳೆಯವನು ಎಂದು ನೋಡಿದರೆ ಸಾಲದು, ಅವನ ಎದುರಿಗೆ ಯಾರು ನಿಲ್ಲುತ್ತಾರೆ ಎಂದೂ ನೋಡಬೇಕು. ಇದನ್ನು ನನಗೆ ಹೇಳಿಕೊಟ್ಟವಳು ನನ್ನ ಮಗಳು ನಿಧಿ. ಅವತ್ತು ನಾನು ಹುರುಳಿಕಾಳಿನಲ್ಲಿ ಕಲ್ಲು ಆರಿಸುತ್ತಿದ್ದೆ. ಅವಳು ಮೊಬೈಲ್ ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ನಮ್ಮತ್ತೆ ಅನಸೂಯಮ್ಮನವರಿಂದ ಬೈಸಿಕೊಂಡು, ಒಳಗೆ ಸರಿದು ಕೂತಿದ್ದಳು.

ಚನ್ನರಾಯಪಟ್ಟಣದಲ್ಲಿರುವ ನನ್ನ ಮೈದುನನ ಮಗ ಸಿದ್ದೇಶ, ನಮ್ಮ ನಿಧಿ, ಅವಳ ಹಾಸನದ ಕಾಲೇಜಿನ ಒಂದಿಷ್ಟು ಸ್ನೇಹಿತರು ಸೇರಿಕೊಂಡು ಫ್ಯಾಂಟಸಿ ಫುಟ್‌ಬಾಲ್ ಆಡುತ್ತಾರೆ. ನಿಜವಾದ ಆಟ ಇಂಗ್ಲೆಂಡಿನಲ್ಲಿ, ಅದರ ಲೆಕ್ಕಾಚಾರ ಹೊಳೆನರಸೀಪುರದ ನಮ್ಮ ಅಡುಗೆಮನೆಯಲ್ಲಿ. ಸೀಸನ್ ಶುರುವಾಗುವ ಮೊದಲು ಡ್ರಾಫ್ಟ್ ಅಂತ ಒಂದು ದಿನ ಇರುತ್ತದೆ. ಸರದಿಯಂತೆ ಒಬ್ಬೊಬ್ಬರು ಒಬ್ಬ ಆಟಗಾರನನ್ನು ಆರಿಸಿಕೊಳ್ಳಬೇಕು. ಒಬ್ಬರು ತೆಗೆದುಕೊಂಡವನು ಇನ್ನೊಬ್ಬರಿಗಿಲ್ಲ. ಅಲ್ಲಿ ಅವನು ಗೋಲು ಹೊಡೆದರೆ ಇಲ್ಲಿ ಇವರಿಗೆ ಅಂಕ.

ಯಾರನ್ನು ಮೊದಲು ಆರಿಸಬೇಕು ಎಂದು ನಿಧಿ ಸಾಲು ಮಾಡಿಕೊಳ್ಳುತ್ತಿದ್ದಳು. ಮೊದಲ ಕೆಲವು ವಾರ ಬಡಪಾಯಿ ತಂಡಗಳ ಮೇಲೆ ಆಡುವವನಿಗೆ ಹಸಿರು ಬಣ್ಣ, ಅವನು ಸಾಲಿನಲ್ಲಿ ಮೇಲಕ್ಕೆ. ಗಟ್ಟಿ ತಂಡಗಳು ಎದುರಾಗುವವನಿಗೆ ಕೆಂಪು, ಅವನು ಕೆಳಕ್ಕೆ.

"ಎಂಥಾ ಕೈರುಚಿ ಇರೋಳಾದ್ರೂ ಹಸಿ ಸೌದೆ ಕೊಟ್ಟರೆ ಅಡುಗೆ ಕೆಡುತ್ತಲ್ಲ, ಹಂಗೆ" ಅಂದೆ.

"ಅಷ್ಟೇ ಕಣಮ್ಮ! ಸಿದ್ದೇಶನಿಗಿಂತ ನೀನೇ ವಾಸಿ."

ಆ ಹೆಸರುಗಳು ನನ್ನ ನಾಲಗೆಗೆ ಹೊರಳುವುದಿಲ್ಲ. ಫೋಟೋ ನೋಡಿ ಜುಟ್ಟಿನವನು, ಬೋಳುತಲೆಯವನು ಎಂದು ನಾನೇ ಹೆಸರಿಟ್ಟುಕೊಂಡಿದ್ದೆ. ಜುಟ್ಟಿನವನ ಸರದಿ ಬಂತು.

"ಇವನಿಗೆ ಮೊದಲನೇ ವಾರ ಸುಲಭ" ಅಂದಳು ನಿಧಿ. ಆಮೇಲೆ ಹುಬ್ಬು ಗಂಟಿಕ್ಕಿ, "ಆದ್ರೆ ಆಟ ಇರೋದು ಎದುರಾಳಿಗಳ ಊರಲ್ಲಿ. ಕಷ್ಟ ಅನ್ನೋಣ್ವಾ?"

ಗೋಡೆ ಗಡಿಯಾರದ ಹಿಂದಿನಿಂದ ಹಲ್ಲಿ ಲೊಚಗುಟ್ಟಿತು. ಬಹಳ ವರ್ಷದಿಂದ ಅಲ್ಲೇ ಇರುವ ಮೋಟುಬಾಲದ ಹಲ್ಲಿ. ಅತ್ತೆ ಬೆರಳ ಗೆಣ್ಣಿನಿಂದ ನೆಲ ತಟ್ಟಿ, "ಶಿವ ಶಿವ. ಅಲ್ಲಿ ನುಡೀತು ನೋಡು. ನಿಜವೇ ಕಣವ್ವ" ಅಂದರು.

ನಿಧಿ ನಗುತ್ತಲೇ ಅವನನ್ನು ಕೆಂಪು ಮಾಡಿ ಕೆಳಗಿಳಿಸಿದಳು. ಡ್ರಾಫ್ಟಿನಲ್ಲಿ ಸಿದ್ದೇಶ ಅವನನ್ನು ಥಟ್ಟನೆ ಎತ್ತಿಕೊಂಡು, "ಇವನನ್ನ ಬಿಟ್ಟುಬಿಟ್ಯಲ್ಲೇ ದಡ್ಡಿ!" ಎಂದು ಫೋನಿನಲ್ಲಿ ಕುಣಿದ.

ಮೊದಲ ಪಂದ್ಯದಲ್ಲೇ ಜುಟ್ಟಿನವನ ಕಾಲು ಮುರಿಯಿತು. ಯಾರೂ ಹತ್ತಿರ ಬಂದಿರಲಿಲ್ಲ, ಬರೀ ಓಡುತ್ತಿದ್ದ. ಮುಂದಿನ ವಾರ ತನ್ನ ತಂಡದಲ್ಲಿದ್ದ ಬೋಳುತಲೆಯವನ ಹೆಸರಿಗೆ ನಿಧಿ "ಕಷ್ಟ" ಅನ್ನುವಷ್ಟರಲ್ಲಿ ಹಲ್ಲಿ ನುಡಿಯಿತು. ಆ ಶನಿವಾರ ಅವನು ಆಟದ ನಡುವೆ ತಲೆ ಹಿಡಿದುಕೊಂಡು ಹುಲ್ಲಿನ ಮೇಲೆ ಕುಳಿತವನು, ಮತ್ತೆ ತಾನಾಗಿ ಏಳಲಿಲ್ಲ. ನಿಧಿ ಅವನನ್ನು ಮೊದಲೇ ಬೆಂಚಿಗೆ, ಅಂದರೆ ಆ ವಾರ ಆಡಿಸದೆ ಹೊರಗೆ ಕೂರಿಸುವವರ ಸಾಲಿಗೆ, ಹಾಕಿದ್ದಳು.

ಮಾರನೇ ದಿನ ಭಾನುವಾರ ಸಿದ್ದೇಶ ಊಟಕ್ಕೆ ಬಂದ. "ದೊಡ್ಡಮ್ಮ, ನಿಮ್ಮ ಹಲ್ಲಿನ ನಮ್ಮನೆಗೆ ಕಳಿಸ್ಬಿಡಿ. ಅನ್ನ, ಸಾರು ಹಾಕಿ ಸಾಕ್ತೀನಿ" ಅಂದ.

"ಅದಕ್ಕೆ ನೊಣ ಬೇಕು ಕಣೋ. ನಿನ್ನ ರೂಮಲ್ಲಿ ಬೇಕಾದಷ್ಟಿವೆ" ಅಂದಳು ನಿಧಿ.

ಎಲ್ಲರೂ ನಕ್ಕೆವು. ಆ ಉಮೇದಿನಲ್ಲೇ ಸಿದ್ದೇಶ ನಮ್ಮೆಲ್ಲರಿಗೂ ಬಣ್ಣ ಹಾಕಲು ಶುರುಮಾಡಿದ. ದಿನಾ ಹಾಸನಕ್ಕೆ ಬಸ್ಸಿನಲ್ಲಿ ಹೋಗಿಬರುವ ನಮ್ಮವರಿಗೆ ಹಸಿರು. ಮನೆ ಬಿಟ್ಟು ಕದಲದ ಅಜ್ಜಿಗೂ ಹಸಿರು.

"ನಿಧಿ. ನಾಳೆ ರಾಮನಾಥಪುರ, ಮೀನಿಗೆ ಪುರಿ ಹಾಕೋದು. ಸುಲಭ!" ಅಂದ.

ಗೋಡೆ ಸುಮ್ಮನಿತ್ತು.

"ಸರಿ, ಕಷ್ಟ ಅಂತಿಟ್ಕೊಳ್ಳಿ."

ಲೊಚ್ ಲೊಚ್ ಲೊಚ್.

ಅತ್ತೆಯ ಬೆರಳು ನೆಲದ ಹತ್ತಿರ ಹೋಗಿ ಹಾಗೇ ನಿಂತಿತು. ಸಿದ್ದೇಶನ ಬಾಯಲ್ಲಿದ್ದ ಹಪ್ಪಳದ ಸದ್ದೂ ನಿಂತಿತು.

ಅದು ಹೋದ ವರ್ಷದ ಹರಕೆ. ನಿಧಿಗೆ ಡೆಂಗ್ಯೂ ಜ್ವರ ಬಂದು ಕಣ್ಣು ಬಿಡದೆ ಮಲಗಿದ್ದಾಗ, ಮಗು ಎದ್ದು ಕೂತರೆ ಕಡೇ ಶ್ರಾವಣ ಸೋಮವಾರ ರಾಮನಾಥಪುರದ ಹೊಳೆಮೀನಿಗೆ ಅವಳ ಕೈಯಾರೆ ಕಡಲೆಪುರಿ ತಿನ್ನಿಸುತ್ತೇನೆ ಎಂದು ಅತ್ತೆ ಹೇಳಿಕೊಂಡಿದ್ದರು. ಈಗ ಕಾವೇರಿ ತುಂಬಿ ಹರಿಯುತ್ತಿತ್ತು.

"ನೀನು ಹೋಗೋದು ಬೇಡ. ಬೆಂಚಿನಲ್ಲಿ ಕೂತಿರು" ಅಂದೆ. ತಮಾಷೆಯಂತೆ ಹೇಳಲು ನೋಡಿದೆ, ಆಗಲಿಲ್ಲ.

"ನನ್ನ ಬೆಂಚಿಗೆ ಹಾಕಿದ್ರೆ ಪಂದ್ಯ ನಿಲ್ಲಲ್ಲಮ್ಮ" ಅಂದಳು ನಿಧಿ. "ಬೆಂಚಿನಲ್ಲಿ ಮುಂದೆ ಯಾರಿದಾರೋ ಅವರು ತಾನಾಗೇ ಒಳಗೆ ಹೋಗ್ತಾರೆ."

"ಅರಕೆ ಮುಂದಕ್ಕಾಕಂಗಿಲ್ಲ" ಅಂದರು ಅತ್ತೆ. ಅವರ ದನಿ ಸಣ್ಣದಾಗಿತ್ತು. "ಬೇರೆ ಯಾರಾದ್ರೂ ತೀರ್ಸ್ಬೋದು. ರಕ್ತಸಂಬಂಧ ಆಗಿರ್ಬೇಕು, ಅಷ್ಟೇಯ."

"ನಾನೇ ಹೋಗ್ತೀನಿ ಬಿಡಿ ಅಜ್ಜಿ. ಇದೇನು ಮಹಾ" ಅಂದ ಸಿದ್ದೇಶ.

ಊಟವಾದ ಮೇಲೆ ಮನೆಯವರೆಲ್ಲ ಅಡ್ಡಾದರು. ಪಾತ್ರೆ ತೊಳೆದಿಟ್ಟು ಗಡಿಯಾರದ ಕೆಳಗೆ ನಿಂತೆ. ನಲ್ಲಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಮೋಟುಬಾಲ ಮಾತ್ರ ಕಾಣುತ್ತಿತ್ತು.

"ಸಿದ್ದೇಶ ಹೋದರೆ ಸುಲಭ" ಅಂದೆ ಮೆಲ್ಲಗೆ. ಸದ್ದಿಲ್ಲ. "ಕಷ್ಟ" ಅಂದೆ. ಲೊಚ್ ಲೊಚ್.

ನಡುಮನೆಯಲ್ಲಿ ಅವನು ಬಾಯಿ ತೆರೆದುಕೊಂಡು ಮಲಗಿದ್ದ. ಚಿಕ್ಕವನಿದ್ದಾಗ ಬೇಸಿಗೆ ರಜಕ್ಕೆ ಬಂದು ನನ್ನ ಸೆರಗು ಹಿಡಿದುಕೊಂಡು ಹೀಗೇ ಮಲಗುತ್ತಿದ್ದ.

"ನಾನು ಹೋದರೆ ಸುಲಭ" ಅಂದೆ. ಕಾದೆ. ಕಷ್ಟ ಎನ್ನುವ ಮಾತು ಬಾಯಲ್ಲಿತ್ತು, ಹೇಳಿರಲಿಲ್ಲ. ಹೇಳುವ ಮೊದಲೇ ಅದು ನುಡಿಯಿತು.

ಆಗ ನನಗೆ ಅರ್ಥವಾಯಿತು. ಕಷ್ಟ ಹೋಗುವವರದಲ್ಲ, ಆ ದಿನದ್ದು. ಯಾರು ಹೋದರೂ ಅದು ಕೆಂಪೇ. ಹಾಗಿದ್ದ ಮೇಲೆ ಯಾರನ್ನು ಕಳಿಸಬೇಕು ಎನ್ನುವುದಕ್ಕೆ ನನಗೆ ಯಾವ ಹಲ್ಲಿಯೂ ಬೇಕಿರಲಿಲ್ಲ. ನೆಲ ತಟ್ಟಿ, ಶಿವ ಶಿವ ಎಂದು, ರಾತ್ರಿಯ ಅಡುಗೆಗೆ ಬೇಳೆ ನೆನೆಹಾಕಿದೆ.

ಬೆಳಗಾಗುವ ಮೊದಲೇ ಉಪ್ಪಿಟ್ಟು ಮಾಡಿ ಮುಚ್ಚಿಟ್ಟು, "ಮಕ್ಕಳನ್ನ ಹೊರಗೆ ಬಿಡಬೇಡಿ" ಎಂದು ಅತ್ತೆಗೆ ಹೇಳಿ, ಮೊದಲ ಬಸ್ಸು ಹತ್ತಿದೆ. ಹೊರಡುವ ಮುನ್ನ ಅವರು ನನ್ನ ಹಣೆಗೆ ವಿಭೂತಿ ಇಟ್ಟರು.

ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ ರಾಮನಾಥಪುರದಲ್ಲಿ ಇಳಿದೆ. ದೇವಸ್ಥಾನದ ಹತ್ತಿರ ಜನವಿತ್ತು, ಹೊಳೆಯ ಮೆಟ್ಟಿಲ ಮೇಲೆ ಒಬ್ಬರೂ ಇರಲಿಲ್ಲ. ನೀರು ಕೆಂಪಾಗಿತ್ತು. ಮೇಲಿನ ಕೆಲವು ಮೆಟ್ಟಿಲು ಬಿಟ್ಟು ಉಳಿದವೆಲ್ಲ ಮುಳುಗಿದ್ದವು.

ಪುರಿ ಮಾರುವ ಹೆಂಗಸು, "ಒಸ ನೀರು ಬಂದಾಗಿಂದ ಮೀನೇ ಬರ್ತಿಲ್ಲ ಕಣಕ್ಕ" ಅಂದಳು.

ಮೇಲಿನ ಮೆಟ್ಟಿಲಲ್ಲೇ ಕುಳಿತು ಒಂದು ಹಿಡಿ ಎರಚಿದೆ. ಪುರಿ ತೇಲಿಕೊಂಡು ಹೋಯಿತು. ಕೈಯಾರೆ ತಿನ್ನಿಸಬೇಕು ಎಂಬ ಹರಕೆ. ಬಗ್ಗಿ, ಅಂಗೈಯಲ್ಲಿ ಪುರಿ ಇಟ್ಟುಕೊಂಡು, ನೀರಿಗೆ ತಾಗಿಸಿದೆ.

ಆಗ ಬಂದವು. ಒಂದಲ್ಲ, ಎಲ್ಲ ಒಟ್ಟಿಗೆ. ತೋಳುದ್ದದ ಮೀನುಗಳು ಒಂದಿಷ್ಟೂ ಸದ್ದು ಮಾಡದೆ ಸಾಲಾಗಿ ಬಂದು ಬಾಯಿ ತೆರೆದು ನಿಂತವು. ಪುರಿ ಅವುಗಳ ಬಾಯಿ ಸವರಿಕೊಂಡು ಹೋದರೂ ಒಂದೂ ತಿನ್ನಲಿಲ್ಲ. ಯಾರಿಗೋ ಕಾಯುತ್ತಿರುವಂತೆ ನಿಂತಿದ್ದವು.

"ಮಗಳಿಗೆ ಆಗಲಿಲ್ಲ, ತಾಯಿ ಬಂದಿದ್ದೀನಿ" ಅಂದೆ.

ನಾನು ಕುಳಿತಿದ್ದ ಕಲ್ಲು ಜಾರಿತು. ಎದೆಯವರೆಗೆ ನೀರು ಬಂತು, ಕಾಲಿಗೆ ನೆಲ ಸಿಗಲಿಲ್ಲ. ಸೀರೆಯನ್ನು ಯಾರೋ ಕೆಳಗಿನಿಂದ ಹಿಡಿದು ಸಮಾಧಾನವಾಗಿ ಎಳೆಯುತ್ತಿದ್ದಂತೆ ಇತ್ತು. ಕೂಗಲು ಬಾಯಿ ತೆರೆದರೆ ನೀರು. ಆಮೇಲೆ, ಯಾಕೋ, ಅದು ಬಿಟ್ಟುಬಿಟ್ಟಿತು. ಹೊರಗಿನಿಂದ ಯಾರೋ ಹೆಸರು ಹಿಡಿದು ಕರೆದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗುತ್ತೇವಲ್ಲ, ಹಾಗೆ. ಕೈಗೆ ಮೆಟ್ಟಿಲು ಸಿಕ್ಕಿತು. ಹತ್ತಿ ಬಂದು ತಿರುಗಿ ನೋಡಿದರೆ ಮೀನೂ ಇಲ್ಲ, ಪುರಿಯೂ ಇಲ್ಲ.

ಸೀರೆ ಮೈಮೇಲೇ ಆರಿಸಿಕೊಂಡು ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ನಿಧಿ ಬಾಗಿಲಲ್ಲೇ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನನ್ನು ಅಪ್ಪಿಕೊಂಡು ಬಿಡಲೇ ಇಲ್ಲ. ಸಿದ್ದೇಶ ಊರಿಗೆ ಹೋಗದೆ ಅಲ್ಲೇ ಕುಳಿತಿದ್ದ.

"ಅನ್ನಕ್ಕಿಡೋ ಒತ್ನಲ್ಲಿ ಬಿದ್ಬುಡ್ತು ಕಣವ್ವ" ಅಂದರು ಅತ್ತೆ, ಗಡಿಯಾರದ ಕಡೆ ನೋಡುತ್ತ.

ಮೋಟುಬಾಲದ ಹಲ್ಲಿ ಗೋಡೆಯಿಂದ ಕಳಚಿ ನೆಲಕ್ಕೆ ಬಿದ್ದಿತ್ತಂತೆ. ನಿಧಿ ಅದನ್ನು ಕನಕಾಂಬರದ ಗಿಡದ ಬುಡದಲ್ಲಿ ಮಣ್ಣು ಮಾಡಿದ್ದಳು.

"ಪೂರ್ತಿ ನೆಂದಿತ್ತಮ್ಮ" ಅಂದಳು. "ಹೊಳೆಯಿಂದ ಎತ್ತಿದ ಹಂಗೆ. ಅಡುಗೆಮನೆ ನೆಲದಲ್ಲಿ ಒಂದು ತೊಟ್ಟು ನೀರಿರಲಿಲ್ಲ."

ಬೆಂಚಿನಲ್ಲಿ ನನ್ನ ಹಿಂದೆಯೂ ಒಬ್ಬರು ಕೂತಿದ್ದರು. ಅದು ನಮ್ಮ ಯಾರಿಗೂ ಗೊತ್ತಿರಲಿಲ್ಲ.

ಆ ವಾರದ ಕೊನೆಗೆ ನಿಧಿ ಮತ್ತೆ ಮೊಬೈಲ್ ತಂದು ಕುಳಿತಳು. ನಾನು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. "ಈ ವಾರ ನಮ್ಮ ಗೋಲ್‌ಕೀಪರ್‌ಗೆ ಕಷ್ಟ" ಅಂದವಳು ಥಟ್ಟನೆ ಬಾಯಿ ಮುಚ್ಚಿದಳು. ಮೂವರೂ ಗಡಿಯಾರದ ಕಡೆ ನೋಡಿದೆವು. ಮುಳ್ಳಿನ ಸದ್ದು ಮಾತ್ರ ಕೇಳುತ್ತಿತ್ತು.

ಅತ್ತೆ ಕೈ ಚಾಚಿ, ಯಾವ ಹಲ್ಲಿಯೂ ನುಡಿಯದಿದ್ದರೂ, ನೆಲ ತಟ್ಟಿದರು. "ಶಿವ ಶಿವ."