ಹಗ್ಗ ಎಸೆದ ಮೇಲೆ

ಆಚೆ ದಡದಲ್ಲಿ ನನ್ನದು ಅಂತ ಇದ್ದದ್ದು ಒಂದು ಕಬ್ಬಿಣದ ಮೋಟು ಕಂಬ ಮಾತ್ರ. ನದಿ ದಾಟಿಸುವ ನಮ್ಮ ಲಾಂಚು ಜೆಟ್ಟಿಗೆ ತಾಗುವ ಹೊತ್ತಿಗೆ ಹಾರಿ, ಹಗ್ಗವನ್ನು ಆ ಕಂಬಕ್ಕೆ ಸುತ್ತಿ ಹಿಡಿದು ನಿಲ್ಲುವುದು ನನ್ನ ಕೆಲಸ. ಜನ ಇಳಿಯುತ್ತಾರೆ, ಜನ ಹತ್ತುತ್ತಾರೆ. ಆಮೇಲೆ ಹಗ್ಗ ಬಿಚ್ಚಿ ಲಾಂಚಿನೊಳಕ್ಕೆ ಎಸೆದು, ಅದರ ಹಿಂದೆಯೇ ನಾನೂ ಹಾರಬೇಕು. ಲಾಂಚು ನಡೆಸುವ ನನ್ನ ಸೋದರಮಾವ ತಿರುಗಿ ನೋಡುವುದಿಲ್ಲ. ಒದ್ದೆ ಹಗ್ಗ ಹಲಗೆಗೆ ದೊಪ್ಪೆಂದು ಬಿದ್ದ ಸದ್ದು ಕೇಳಿದರೆ ಸಾಕು, ಹೊರಟುಬಿಡುತ್ತಾನೆ.

ಕಂಬದಾಚೆ ಮೆಟ್ಟಿಲು, ಮೆಟ್ಟಿಲಿನ ಮೇಲೆ ವಿಶ್ವವಿದ್ಯಾಲಯ. ನನ್ನ ಜೊತೆ ಓದಿದವರೆಲ್ಲ ನಮ್ಮ ಲಾಂಚಿನಲ್ಲೇ ದಾಟಿ ಆ ಮೆಟ್ಟಿಲು ಹತ್ತುತ್ತಿದ್ದರು. ಅವರ ಬೆನ್ನಿನ ಚೀಲಗಳು ಮರೆಯಾಗುವವರೆಗೆ ನಾನು ನೋಡುತ್ತಿದ್ದೆ.

ಹಿಂದಿನ ವರ್ಷ ಅಪ್ಪನ ಜೊತೆ ನಾನೂ ಒಮ್ಮೆ ಹತ್ತಿದ್ದೆ. ಪ್ರವೇಶದ ಕಿಟಕಿಯ ಹಿಂದೆ ಕೂತಿದ್ದ ಹೆಂಗಸು, "ಯಾವ ವಿಷಯ ಓದ್ತೀಯಮ್ಮ?" ಅಂದಳು.

"ಯಾವುದಾದ್ರೂ ಪರವಾಗಿಲ್ಲ."

"ಇದೇನು ಬಸ್ಸಿನ ಸೀಟಾ?"

ಸಾಲಿನಲ್ಲಿದ್ದವರು ನಕ್ಕರು. ನಾನು ಸಾಲು ಬಿಟ್ಟು ಬಂದೆ. ಅಪ್ಪ ಕಾರು ಓಡಿಸಲು ಕಲಿಸುವವರು. ಸ್ಟೀರಿಂಗ್ ಯಾರ ಕೈಯಲ್ಲಿದ್ದರೂ ಅಪ್ಪನ ಕಾಲಡಿಯಲ್ಲಿ ಇನ್ನೊಂದು ಬ್ರೇಕು ಇರುತ್ತದೆ. ಅಂದು ಮಾತ್ರ ಆ ಬ್ರೇಕು ಕಾಲಿಗೆ ಸಿಗದವರ ಹಾಗೆ ನನ್ನನ್ನು ನೋಡಿದರು. "ಒಂದು ವರ್ಷ ತಾನೇ, ನನ್ನ ತಮ್ಮನ ಲಾಂಚಿನಲ್ಲಿ ಇರ್ಲಿ ಬಿಡಿ" ಎಂದು ಮನೆಗೆ ಬಂದ ಮೇಲೆ ಅಮ್ಮ ನಡುವೆ ಬಂದಳು. ಅಪ್ಪ ಒಪ್ಪಿದರು, ಆದರೆ ಒಂದೇ ವರ್ಷಕ್ಕೆ. ಅಷ್ಟರಲ್ಲಿ ನಾನು ಬಾಯಿ ಬಿಡದಿದ್ದರೆ ಅವರು ಹೇಳಿದ ಲೆಕ್ಕಶಾಸ್ತ್ರ ಓದಬೇಕು. ಆ ವರ್ಷ ಮುಗಿಯುತ್ತ ಬಂದಿತ್ತು. ಮರುದಿನ ಕಿಟಕಿ ಮತ್ತೆ ತೆರೆಯುವುದಿತ್ತು.

ಆ ಮಧ್ಯಾಹ್ನ ಇಳಿದವರಲ್ಲಿ ಸೋಡಾಬುಡ್ಡಿಯೂ ಇದ್ದಳು. ದಪ್ಪ ಕನ್ನಡಕದ ನನ್ನ ಶಾಲೆಯ ಗೆಳತಿ. ಮೆಟ್ಟಿಲಲ್ಲಿ ನಿಂತು ತಿರುಗಿ ಕೂಗಿದಳು: "ಏನೇ ಹಗ್ಗದಮ್ಮ, ನಾಳೆ ಏನು ಹೇಳ್ತೀಯ? ಈ ಸಲಾನೂ ಬಸ್ ಸೀಟಾ?"

"ಹೋಗೇ, ಪಾಠ ಶುರುವಾಗುತ್ತೆ."

ಅವಳು ಹೋದಳು. ಹಗ್ಗ ಬಿಚ್ಚಿದೆ, ಎಸೆದೆ. ಹಾರಲಿಲ್ಲ. ಕಣ್ಣು ಇನ್ನೂ ಅವಳ ಚೀಲದ ಮೇಲಿತ್ತು. ದೊಪ್ಪೆಂದು ಸದ್ದಾಯಿತು, ಎಂಜಿನ್ ಗುರುಗುಟ್ಟಿತು. ನಾನು ತಿರುಗುವಷ್ಟರಲ್ಲಿ ನಡುವೆ ನೀರು ಅಗಲವಾಗಿತ್ತು.

"ಅಯ್ಯೋ, ಹುಡುಗಿ ಅಲ್ಲೇ ಉಳೀತು!" ಎಂದು ಯಾರೋ ಕಿರುಚಿದರು. ಮಾವ ತಲೆ ಹೊರಗೆ ಹಾಕಿ ಏನೋ ಬೈದ. ಆದರೆ ಆ ದಡದಲ್ಲಿ ಮರಳಿನ ದಿಬ್ಬ ಬೆಳೆದಿದೆ, ಅಲ್ಲಿ ಲಾಂಚು ತಿರುಗಿಸಲಾಗದು. ಅವನು ನಮ್ಮ ದಡಕ್ಕೆ ಹೋಗಿಯೇ ಬರಬೇಕು.

ನಾನು ಮೆಟ್ಟಿಲು ಹತ್ತಿದೆ.

ಉದ್ದ ಪಡಸಾಲೆ. ತೆರೆದ ಬಾಗಿಲುಗಳಿಂದ ಒಂದೊಂದೇ ದನಿ. ಒಂದು ಕೋಣೆಯ ಕೊನೆಯ ಬೆಂಚಿನಲ್ಲಿ ಸೋಡಾಬುಡ್ಡಿ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ಬಾಗಿಲ ಹೊರಗೆ, ಹಗ್ಗದ ನೀರು ಇನ್ನೂ ಆರದ ಕೈಗಳೊಂದಿಗೆ ನಾನು. ಆ ಬೆಂಚಿನಲ್ಲಿ ಖಾಲಿ ಇದ್ದ ಜಾಗವನ್ನು ಎಷ್ಟು ಹೊತ್ತು ನೋಡಿದೆನೋ, ಕೊನೆಗೆ ಅವಳೇ ಎದ್ದು ಹೊರಗೆ ಬಂದಳು.

"ನೀನಿಲ್ಲಿ ಏನ್ ಮಾಡ್ತಿದೀಯ?"

"ಲಾಂಚು ತಪ್ಪಿತು."

"ಲಾಂಚು ನಿಮ್ಮದೇ ಅಲ್ವೇನೇ!" ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಗೋಡೆಗೆ ಒರಗಿದಳು. "ನಿನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ ಕಣೇ. ಒಂದು ವರ್ಷದಿಂದ ಅವರು ಹೇಳಿದ್ದು ಬರ್ಕೊಳ್ತಾ ಇದೀನಿ. ನಂಗೇನು ಬೇಕು ಅಂತ ಯೋಚ್ನೆ ಮಾಡೋಕೂ ಪುರುಸೊತ್ತಿಲ್ಲ. ನೀನು ದಿನಾ ಆ ನೀರಲ್ಲಿ ಏನು ನೋಡ್ತೀಯ?"

"ಮರಳು" ಅಂದೆ. "ನಾನು ಕೆಲಸಕ್ಕೆ ಸೇರಿದಾಗ ಆ ದಿಬ್ಬ ನಡುನೀರಲ್ಲಿತ್ತು. ಈಗ ಈ ದಡಕ್ಕೆ ಬಂದಿದೆ. ಮಾವ ದಾರಿ ಬದಲಾಯಿಸ್ತಾನೇ ಇದಾನೆ. ಯಾಕೆ ಬಂತು ಅಂದ್ರೆ, ಬಂತು ಅಂತಾನೆ. ನಂಗೆ ರಾತ್ರಿ ನಿದ್ದೇಲೂ ಅದೇ. ನೀರು ಮುಂದಕ್ಕೆ ಹೋಗುತ್ತೆ, ಮರಳು ಯಾಕೆ ಪಕ್ಕಕ್ಕೆ ಬರುತ್ತೆ?"

ಅವಳು ಕನ್ನಡಕ ಸರಿಮಾಡಿಕೊಂಡು ನನ್ನನ್ನು ಹೊಸಬಳಂತೆ ನೋಡಿದಳು. "ಹಿಂದಿನ ಕಟ್ಟಡಕ್ಕೆ ಹೋಗು. ಅಲ್ಲಿ ಗಾಜಿನ ತೊಟ್ಟೀಲಿ ಮರಳು ಸುರಿದು ನೀರು ಬಿಡ್ತಾ ಕೂತಿರ್ತಾರೆ, ದೊಡ್ಡ ದೊಡ್ಡವರು, ಮಕ್ಕಳ ಹಾಗೆ."

ಓಡಿದೆ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಕೋಣೆಯಷ್ಟೇ ಉದ್ದದ ತೊಟ್ಟಿ. ನೀರು ತನ್ನಷ್ಟಕ್ಕೆ ಹರಿಯುತ್ತಿತ್ತು. ತಳದಲ್ಲಿ ಮರಳಿನ ಕಣಗಳು ಒಂದರ ಮೇಲೊಂದು ಹತ್ತಿ, ಉರುಳಿ, ಮತ್ತೆ ಹತ್ತುತ್ತಿದ್ದವು. ಲಾಂಚಿನಿಂದ ನನಗೆ ಎಂದೂ ಕಾಣದಿದ್ದ ಬದಿಯಿಂದ ನದಿ ಕಾಣುತ್ತಿತ್ತು. ಗಾಜಿಗೆ ಹಣೆ ಹಚ್ಚಿ ನಿಂತೆ. ಯಾರಾದರೂ ಬಂದು, ಏನಮ್ಮ ಬೇಕು ಎಂದು ಕೇಳಲಿ ಅನಿಸಿತು. ಯಾರೂ ಬರಲಿಲ್ಲ. ಲಾಂಚಿನ ಹಾರನ್ ಕೇಳಿಸಿತು.

ಮಾವನೇ ಇಳಿದು ಹಗ್ಗ ಹಿಡಿದು ನಿಂತಿದ್ದ.

"ಜನ ಕಿರುಚಿದಾಗ ನೀರಿಗೆ ಬಿದ್ಯೇನೋ ಅಂತ ಜೀವ ಬಾಯಿಗೆ ಬಂದಿತ್ತು, ಗೊತ್ತಾ?"

"ಬೀಳಲಿಲ್ಲ ಮಾವ. ನಿಂತುಬಿಟ್ಟೆ." ತೊಟ್ಟಿಯ ವಿಷಯ ಹೇಳಿದೆ. ಅದೇ ಓದುತ್ತೇನೆ ಅಂದೆ.

"ಅದಕ್ಕೆ ಏನಂತಾರೆ?"

"ಕೇಳೋಕೆ ಯಾರೂ ಇರ್ಲಿಲ್ಲ."

"ಭೇಷ್! ನಾಳೆ ಕಿಟಕೀಲಿ ಆ ಹೆಂಗಸಿಗೆ ಏನು ಹೇಳ್ತೀಯ?"

"ಮರಳಿನ ಕಥೆ ಹೇಳ್ತೀನಿ. ಹೆಸರು ಅವಳೇ ಹುಡುಕ್ಲಿ."

ಮಾವ ನಗಲಿಲ್ಲ. ಹಗ್ಗ ನನ್ನ ಕೈಗೆ ಕೊಡದೆ ತಾನೇ ಬಿಚ್ಚತೊಡಗಿದ. "ನಾನು ನಿಂಗೆ ಈ ಸಲ ಚುಕ್ಕಾಣಿ ಕಲಿಸೋಣ ಅಂತಿದ್ದೆ."

ವರ್ಷವಿಡೀ ನಾನು ಬೇಡಿದ್ದು ಅದನ್ನೇ. ಆಗೆಲ್ಲ, ನಿನ್ನ ಕೈಗೆ ಕೊಟ್ಟರೆ ಎಲ್ಲರೂ ಮೀನಿಗೆ ಊಟವಾಗ್ತಾರೆ ಅನ್ನುತ್ತಿದ್ದ.

ಈಗ, "ಬಾ" ಅಂದ.

ದಿಬ್ಬ ದಾಟಿದ ಮೇಲೆ ಚುಕ್ಕಾಣಿಯ ಚಕ್ರ ನನ್ನ ಕೈಗೆ ಬಿಟ್ಟ. ಅಂಗೈಯೊಳಗೆ ನದಿ ಎಳೆಯುತ್ತಿತ್ತು. ಹಿಂದೆ ಆ ಮೆಟ್ಟಿಲುಗಳು ಸಣ್ಣವಾಗುತ್ತಿದ್ದವು, ಮುಂದೆ ನಮ್ಮ ದಡ ಬೇಡ ಬೇಡವೆಂದರೂ ಬೆಳೆಯುತ್ತಿತ್ತು. ಮಾವ ಕೈ ಚಾಚಿ ಎಂಜಿನ್ ವೇಗ ತಗ್ಗಿಸಿದ.

"ಯಾಕಪ್ಪಾ ನಿಧಾನ?" ಹಿಂದಿನಿಂದ ಯಾರೋ ಕೇಳಿದರು.

"ಕೆಳಗೆ ಮರಳು" ಅಂದ ಮಾವ.

ಅಲ್ಲಿ ನೀರು ಎಲ್ಲಕ್ಕಿಂತ ಆಳ.