ಐದನೆಯ ಕಲ್ಲು

ಉಗುರಿನ ಸಂದಿಯಲ್ಲಿ ಕೆಮ್ಮಣ್ಣು ಇನ್ನೂ ಇದೆ, ಸೀಗೆ ಹುಣ್ಣಿಮೆ ಕಳೆದು ನಾಲ್ಕು ದಿನವಾದರೂ ತೊಳೆದಷ್ಟಕ್ಕೆ ಹೋಗಿಲ್ಲ, ಮೇಲೆ ತಗಡು ಕಾಯುತ್ತಿದೆ, ಕರೆಂಟಿನ ಕಂಪನಿಯ ಈ ಶೆಡ್ಡಿನಲ್ಲಿ ನೆರಳೂ ಸುಡುತ್ತದೆ, ಇಂಜಿನಿಯರ್ ಸಾಹೇಬ ಕಾಗದ ಓದುತ್ತಿದ್ದಾನೆ, ದುರುಗಮ್ಮ ಗಂಡ ಗಾಳೆಪ್ಪ, ನನ್ನ ಹೆಸರನ್ನು ಇಷ್ಟು ಮರ್ಯಾದೆಯಿಂದ ಯಾರೂ ಓದಿದ್ದಿಲ್ಲ, ಸದರಿ ಹೊಲದ ಮಾಲಕಳು ಪಂಚರ ಸಮಕ್ಷಮ ಸ್ವಖುಷಿಯಿಂದ ಕಂಬದ ಜಾಗಕ್ಕೆ ಭೂಮಿಪೂಜೆ ಮಾಡಿ, ಕಾಯಿ ಒಡೆದು, ಎಡೆ ಹಿಡಿದು ಒಪ್ಪಿಗೆ ಕೊಟ್ಟಿರುತ್ತಾಳೆ — ಯಾರು, ನಾನೇ, ಯಾವ ಕಂಬಕ್ಕೆ, ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೇ ಬಂದಿದ್ದೇನಲ್ಲ, ಮೂರು ಸಲ ಕಾಗದ ತಂದರು, ಮೂರು ಸಲವೂ ಕೊಡಲಿಲ್ಲ, ಮೊದಲನೆಯ ಸಲ ಕೇರಿಗೆ ಜೀಪು ಬಂದಾಗ ಬಾಯಿಬಿಟ್ಟು ಹೇಳಿದ್ದೆ, ಕಂಬ ಬಡಗಣ ಬದುವಿನ ಮೇಲೆ ಹಾಕ್ರಿ, ನನ್ನ ಅಡ್ಡಿ ಇಲ್ಲ, ಬಾವಿಯ ಕಡೆ ಬರಬ್ಯಾಡ್ರಿ, ಬಾವಿ ಮುಟ್ಟಂಗಿಲ್ಲ ಅಂತ ಬರೀರಿ. ಬರೆಯುತ್ತೇವಮ್ಮ ಅಂದಿದ್ದ ಇದೇ ಸಾಹೇಬ, ಚಾ ಕುಡಿಯದೆ ಎದ್ದು ಹೋಗಿದ್ದ, ಬಾಲವಾಡಿಯ ಕನಕಮ್ಮ ಆ ಕಾಗದವನ್ನು ಎರಡು ಸಲ ಓದಿ ತಲೆ ಅಲ್ಲಾಡಿಸಿದಳು, ಇದರಾಗ ಬಾವಿ ಅನ್ನೋ ಮಾತೇ ಇಲ್ಲ ದುರುಗಕ್ಕ, ಬೆಟ್ಟು ಒತ್ತಬ್ಯಾಡ, ಒತ್ತಲಿಲ್ಲ, ಎರಡನೆಯ ಸಲ ಇರಲಿಲ್ಲ, ಮೂರನೆಯ ಸಲವೂ ಇರಲಿಲ್ಲ, ಅಷ್ಟೊಂದು ಅಕ್ಷರಗಳ ನಡುವೆ ಒಂದು ಬಾವಿಗೆ ಜಾಗ ಸಿಗಲಿಲ್ಲವೇ ಇವರಿಗೆ.

ಕಂಬದ ಬುಡದಲ್ಲಿ ಬಾವಿ ಇರಕೂಡದು, ಅಪಾಯ, ಮುಚ್ಚಬೇಕಾಗುತ್ತದೆ, ಓದುವುದು ಮುಗಿದಿಲ್ಲ ಇನ್ನೂ, ಅಪಾಯವಂತೆ, ನಲವತ್ತು ಮನೆಯ ಕೊಡ ಇಳಿಯುವ ಬಾವಿ ಅದು, ಊರ ಮೇಲಿನವರ ಬಾವಿಯ ಕಟ್ಟೆಯ ಕೆಳಗೆ ಖಾಲಿ ಕೊಡ ಇಟ್ಟುಕೊಂಡು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತಿದ್ದು ನೆನಪಿದೆ, ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿಯಬೇಕು, ಅರ್ಧ ಕೊಡಕ್ಕೆ, ಅರ್ಧ ಮಣ್ಣಿಗೆ, ಬಾಯಾರಿದರೆ ಬೊಗಸೆ, ಗಾಳೆಪ್ಪ ಎರಡು ಬೇಸಿಗೆ ಹಾರೆ ಹಿಡಿದ, ನಾನು ಬುಟ್ಟಿ ಹೊತ್ತೆ, ನೀರು ಚಿಮ್ಮಿದ ದಿನ ಕೆಸರಲ್ಲೇ ನಿಂತು ಕೇರಿಯವರನ್ನು ಕರೆದು ಅಂದ, ಇನ್ನ ಯಾರ ಮುಂದೂ ಬೊಗಸಿ ಒಡ್ಡಬ್ಯಾಡ್ರಿ, ಅಷ್ಟು ಹೇಳಿ ಕೆಮ್ಮಿದ, ಆ ಕೆಮ್ಮೇ ಅವನನ್ನು ಒಯ್ದಿತು — ಪೂಜೆ ಮಾಡಿದ್ದು ಖರೆ, ಸೀಗೆ ಹುಣ್ಣಿಮೆಗೆ ಪಾಂಡವರನ್ನು ಪೂಜಿಸದ ಒಕ್ಕಲುತನ ಉಂಟೇ, ಪ್ರತಿ ವರ್ಷ ಮೈದುನ ದುರುಗಪ್ಪ ಹೊತ್ತು ಹುಟ್ಟುವ ಮೊದಲೇ ಹೋಗಿ ಪಾಂಡವರೆಂದು ಐದು ಕಲ್ಲು ತೊಳೆದು, ಸುಣ್ಣ ಬಳಿದು ಇಟ್ಟಿರುತ್ತಾನೆ, ನಾನು ಕಡುಬು ಪುಂಡಿಪಲ್ಯದ ಬುಟ್ಟಿ ಹೊತ್ತು ಹಿಂದಿನಿಂದ ಹೋಗುತ್ತೇನೆ, ಈ ವರ್ಷವೂ ಹೋದೆ, ಜೋಳ ಮೊಣಕಾಲೆತ್ತರ, ಕಲ್ಲು ಸುಣ್ಣ ಬಳಿದುಕೊಂಡು ನಿಂತಿದ್ದವು, ಬೆಳ್ಳಗೆ, ಒಂದೇ ಸಾಲಿನಲ್ಲಲ್ಲ, ಬಾವಿಯ ಪಕ್ಕ ಮಂಚದ ಕಾಲಿನ ಹಾಗೆ ನಾಲ್ಕು ದೂರ ದೂರ, ನಡುವೆ ಒಂದು, ಇವನ ತಲೆ ಎಲ್ಲಿತ್ತು, ಭೀಮನಿಗೂ ಧರ್ಮರಾಯನಿಗೂ ಮಾತುಕತೆ ಇಲ್ಲವೇನೋ ಅಂತ ನಕ್ಕೆ, ಒಬ್ಬಳೇ ನಕ್ಕೆ, ನಡುವಿನ ಕಲ್ಲಿನ ನೆತ್ತಿಯ ಮೇಲೆ ಟಾರಿನ ಕಪ್ಪು ಗುರುತು, ದೃಷ್ಟಿಬೊಟ್ಟು ಅಂದುಕೊಂಡೆ, ಐದಕ್ಕೂ ಎಡೆ ಹಿಡಿದೆ, ಎಡೆಯ ಅನ್ನ ಕಲಸಿ ಹೊಲದ ಸುತ್ತ ಚರಗ ಚೆಲ್ಲಿದೆ, ಕೊನೆಗೆ ಅತ್ತೆ ಮಾಳಮ್ಮ ಮಾಡುತ್ತಿದ್ದ ಹಾಗೆ ಕೆಮ್ಮಣ್ಣಿನಲ್ಲಿ ಅಂಗೈ ಅದ್ದಿ ಐದನೆಯ ಕಲ್ಲಿನ ಮೇಲೆ ಒತ್ತಿದೆ, ಹಿಂಗ ಕೈ ಒತ್ತಿದರ ಹೊಲ ಯಾರ ಪಾಲೂ ಆಗಂಗಿಲ್ಲವ್ವ ಅನ್ನುತ್ತಿದ್ದಳು ಮುದುಕಿ.

ನಾ ಇಟ್ಟಿಲ್ಲ ಅತ್ತಿಗಿ. ದುರುಗಪ್ಪ ಪಕ್ಕದಲ್ಲೇ ನಿಂತಿದ್ದಾನೆ, ಮೋರೆ ಬೂದಿಯಾಗಿದೆ, ನಾ ಆವತ್ತು ಹೊಲಕ್ಕ ಹೋಗೇ ಇಲ್ಲ, ಚಳಿಜ್ವರ ಬಂದು ಮಲಗಿದ್ನಲ್ಲ, ನೀನ ಇಟ್ಕೊಂಡಿ ಅಂತ ತಿಳಿದಿದ್ದೆ, ಅವನು ಇಟ್ಟಿಲ್ಲ, ನಾನು ಇಟ್ಟಿಲ್ಲ, ಹಾಗಾದರೆ — ಕುರ್ಚಿಯಲ್ಲಿ ಕೂತ ಗುರುಸಂಗಪ್ಪ ಎಲೆಯಡಿಕೆ ಒತ್ತರಿಸಿಕೊಂಡು ನಗುತ್ತಾನೆ, ಬದುವಿನಾಚೆಯ ಹೊಲದವನು, ಪಂಚರ ಸಹಿಯಲ್ಲಿ ಮೊದಲನೆಯವನು, ಪುಣ್ಯ ನಿಂದು ಬಿಡವ್ವ, ನೀ ಬೆಟ್ಟು ಒತ್ತಲಿಲ್ಲಂತ ನಮ್ಮ ಪಂಪ್‌ಸೆಟ್ಟಿನ ಮ್ಯಾಗ ಬರಬೇಕಾಗಿದ್ದ ಕಂಬ, ನೀನ ಎಡಿ ಹಿಡದು ಕರಕೊಂಡಿ, ಹೌದು, ಕಳೆ ತೆಗೆಯಲು ಅವನ ಹೊಲಕ್ಕೆ ಹೋದಾಗ ಪಂಪಿನ ಮನೆಯ ಹತ್ತಿರ ನಾನೇ ನೋಡಿದ್ದೆ, ಇವೇ ಬಿಳಿ ಕಲ್ಲು, ಇದೇ ಮಂಚದ ಕಾಲಿನ ಲೆಕ್ಕ, ಕಂಬದ ನಾಲ್ಕು ಕಾಲಿನ ಗುರುತು ಅಂತ ಈಗ ತಿಳಿಯುತ್ತಿದೆ, ಬದು ದಾಟಿ ಬಂದವು, ಕಲ್ಲಿಗೆ ಕಾಲಿಲ್ಲ, ಕಾಲಿದ್ದವರು ಇಲ್ಲೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಾರೆ, ಅವರಿಗೆ ಸೀಗೆ ಹುಣ್ಣಿಮೆ ಯಾವತ್ತು ಅಂತ ಗೊತ್ತು, ದುರುಗಮ್ಮ ಕಲ್ಲು ಕಂಡರೆ ಕೈ ಮುಗಿಯುತ್ತಾಳೆ ಅಂತಲೂ ಗೊತ್ತು, ನಮ್ಮ ಕೊಡ ಮುಟ್ಟಿದರೆ ಮೈಲಿಗೆ, ನಮ್ಮ ಭಕ್ತಿ ಮಾತ್ರ ದಸ್ತಾವೇಜಿಗೆ ಆಗುತ್ತದೆ, ಮೇಜಿನ ಹತ್ತಿರ ಸರಿದು ಅಂದೆ, ನಾ ಪಾಂಡವ್ರಿಗೆ ಕೈ ಮುಗದೇನ್ರಿ ಸಾಹೇಬ್ರ, ನಿಮ್ಮ ಕಂಬಕ್ಕಲ್ಲ. ಸಾಹೇಬ ಪೆನ್ನಿನ ಮುಚ್ಚಳ ಹಾಕುತ್ತಾನೆ, ಕಲ್ಲು ಕಂಪನಿಯದಮ್ಮ, ತಲೆಯ ಮೇಲೆ ನಂಬರು ಬರೆದಿದೆ, ಪೂಜೆ ನಿಮ್ಮದು, ಹೆಬ್ಬೆಟ್ಟು ಕೊಡಿ ಅನ್ನುತ್ತಾನೇನೋ, ಕೊಡುವುದಿಲ್ಲ, ಬೆರಳು ಕತ್ತರಿಸಿಕೊಂಡು ಹೋಗಲಿ, ಮುಷ್ಟಿ ಇನ್ನೂ ಬಿಗಿದಿದೆ, ಉಗುರು ಅಂಗೈಯೊಳಗೆ ಇಳಿಯುತ್ತಿದೆ — ಇನ್ನು ಹೆಬ್ಬೆಟ್ಟಿನ ಅಗತ್ಯವಿಲ್ಲ ಅನ್ನುತ್ತಾನೆ, ಎಷ್ಟು ಮೆಲ್ಲಗೆ ಅನ್ನುತ್ತಾನೆ, ಮೇಜಿನ ಮೇಲೆ ಒಂದು ಫೋಟೋ ಸರಿಸುತ್ತಾನೆ, ಕಪ್ಪು ಬಿಳುಪು, ಪಕ್ಕಕ್ಕೆ ಬಾವಿಯ ಕಟ್ಟೆ ಚೂರು ಕಾಣುತ್ತದೆ, ಕಟ್ಟೆಯ ಮೇಲೆ ನಮ್ಮ ಕೇರಿಯ ಪಾಲಮ್ಮನ ಕೊಡ, ಸೋಮವಾರ ಮುಚ್ಚಲು ಲಾರಿ ಬರುತ್ತದೆ ಅಂದನೇ, ಪಾಲಮ್ಮನಿಗೆ ಏನು ಹೇಳಲಿ, ಕೇರಿಗೆ ಯಾವ ಬಾಯಿಂದ, ನಲವತ್ತು ಕೊಡ, ಮತ್ತೆ ಬೊಗಸೆ, ನಡುವೆ ಕಲ್ಲು, ಐದನೆಯದು, ಸುಣ್ಣದ ಬಿಳಿ, ಬಿಳಿಯ ಮೇಲೆ ಕಪ್ಪಗೆ ನನ್ನ ಕೈ, ಇಲ್ಲಿ ಮುಷ್ಟಿ ಬಿಗಿದಿದೆ, ಅಲ್ಲಿ ಬಿಚ್ಚಿದೆ, ಐದೂ ಬೆರಳು, ಹೆಬ್ಬೆಟ್ಟೂ, ಗೆರೆ ಗೆರೆ ಕಾಣುವ ಹಾಗೆ, ಕಲ್ಲಿನ ಮೇಲೆ ಬಿಚ್ಚಿದ ಕೈ, ಕಲ್ಲಿನ ಮೇಲೆ ಕೈ