ಹತ್ತನೆಯ ತುಂಡು

ನಾನು ಒಂದು ಸ್ಟಾಪ್‌ವಾಚು. ಕಾರ್ಖಾನೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಒಬ್ಬರು ಮೂರು ದಿನ ನನ್ನನ್ನು ಪರೀಕ್ಷಿಸಿ, ತಪ್ಪಿಲ್ಲ ಎಂದು ಚೀಟಿ ಅಂಟಿಸಿದರು. ಆ ಚೀಟಿಯ ಸೊಕ್ಕಿನಲ್ಲೇ ಬಹಳ ವರ್ಷ ಬದುಕಿದೆ. ನನ್ನ ಕೆಲಸ ಎರಡೇ: ಒತ್ತಿದರೆ ಓಡುವುದು, ಮತ್ತೆ ಒತ್ತಿದರೆ ನಿಲ್ಲುವುದು. ಇಷ್ಟನ್ನೂ ಮಾಡದವರು ಬಡ್ತಿ ಪಡೆದದ್ದನ್ನು ಆಮೇಲೆ ಕಂಡೆ.

ಮೊದಲು ಧಾರವಾಡದ ಒಬ್ಬ ಡ್ರಿಲ್ ಮಾಸ್ತರರ ಕೊರಳಲ್ಲಿ ಸೀಟಿಯ ಜೊತೆ ತೂಗಾಡಿದೆ. ನಿವೃತ್ತರಾದಾಗ ಅವರು ನನ್ನನ್ನು ತಂಗಿಯ ಮಗಳಿಗೆ ಕೊಟ್ಟರು. ಆಕೆ ಡಾ. ಕಸ್ತೂರಿ ಬೆಟಗೇರಿ, ಮಕ್ಕಳ ಮಿದುಳು ಹೇಗೆ ಕೆಲಸ ಮಾಡುತ್ತದೆಂದು ಆಟ ಆಡಿಸಿ ಅಳೆಯುವ ನರಮನೋವಿಜ್ಞಾನಿ. ವಾರಕ್ಕೊಮ್ಮೆ ಅನಾಥಾಲಯಕ್ಕೆ ಹೋಗುತ್ತಿದ್ದರು. ಅಲ್ಲಿಯ ಮಕ್ಕಳು ಗೇಟಿನಲ್ಲೇ ಬಂದು, ಗುರುತಿಲ್ಲದವರ ಬೆರಳನ್ನೂ ಹಿಡಿದುಕೊಳ್ಳುತ್ತಿದ್ದವು. ಬೆರಳಿಗೊಂದು ಮಗು; ಹೆಬ್ಬೆರಳಿಗೆ ಜಗಳ.

ಆರು ವರ್ಷದ ದಾಕ್ಷಾಯಿಣಿಯನ್ನು ಮೇಜಿನ ಎದುರು ಕೂರಿಸಿದ ದಿನ, ಬೆಳಗಾವಿಯ ದಂಪತಿ ಅವಳನ್ನು ದತ್ತು ಕೇಳಿಯಾಗಿತ್ತು. ಡಾಕ್ಟರ ವರದಿಯೊಂದೇ ಬಾಕಿ. ಹಲಗೆಯ ಗುಳಿಗಳಲ್ಲಿ ಹತ್ತು ಮರದ ತುಂಡುಗಳನ್ನು ಆಕಾರ ನೋಡಿ ಕೂರಿಸಬೇಕು. ಹುಡುಗಿ ಒಂಬತ್ತನ್ನು ನಿಧಾನವಾಗಿ ಇಟ್ಟಳು. ಹತ್ತನೆಯದನ್ನು ಮುಷ್ಟಿಯಲ್ಲಿ ಹಿಡಿದು ಡಾಕ್ಟರ ಮುಖ ನೋಡುತ್ತ ಕುಳಿತಳು. ಐದು ನಿಮಿಷ. ಮೂರು ಸಲ ಆಡಿಸಿದರೂ ಅಷ್ಟೇ.

"ಇಕಿ ಮಂದ ಅಲ್ರಿ ಬಾಯಾರ, ಬೆರಕಿ ಅದಾಳ," ಎಂದಳು ಆಯಾ ಹುಸೇನಬಿ. "ನಾ ಬಾಜೂ ಕುಂತ್ರ ಒಂದು ರೊಟ್ಟಿ ತಾಸಗಟ್ಲೆ ತಿಂತಾಳ. ಎದ್ದು ಹೋದ್ರ ಗಬಾಗಬಾ ನುಂಗ್ತಾಳ."

"ನಿನ್ನ ಲೆಕ್ಕ ಬ್ಯಾರೆ, ಗಡಿಯಾರದ ಲೆಕ್ಕ ಬ್ಯಾರೆ, ಹುಸೇನಬಿ," ಎಂದು ಕಸ್ತೂರಿ ನಕ್ಕರು. ನಾನು ಬೀಗಿದೆ. ಬುದ್ಧಿಯ ಬೆಳವಣಿಗೆ ತೀರ ಕಡಿಮೆ ಎಂದು ವರದಿ ಹೋಯಿತು. ದಂಪತಿ ಬೇಡವೆಂದರು.

ಮರುವರ್ಷ ಮತ್ತೆ ಪರೀಕ್ಷೆಗೆ ಹೋದಾಗ ಕಸ್ತೂರಿಯವರ ಜೀಪು ಗೇಟಿನಲ್ಲೇ ಕೆಟ್ಟು ನಿಂತಿತು. "ಸಂಜಿತನಕ ಇಲ್ಲೇ ಇರ್ತೀನಿ, ನಂಗೂ ಒಂದು ರೊಟ್ಟಿ ಮಾಡು," ಎಂದು ಕಸ್ತೂರಿ ಹುಸೇನಬಿಗೆ ಹೇಳಿದ್ದನ್ನು ದಾಕ್ಷಾಯಿಣಿ ಕೇಳಿಸಿಕೊಂಡಳು. ಆಮೇಲೆ ಹಲಗೆ ಬಂತು. ಹತ್ತೂ ತುಂಡು, ಹತ್ತೊಂಬತ್ತು ಸೆಕೆಂಡು.

ನಾನು ಕೆಟ್ಟಿದ್ದೇನೆಂದು ಕಸ್ತೂರಿ ಅಲುಗಾಡಿಸಿ ನೋಡಿದರು. ಕೆಟ್ಟಿರಲಿಲ್ಲ.

"ಹೋದ ವರ್ಷ ಯಾಕ ಒಂದು ಕೈಯಾಗ ಹಿಡ್ಕೊಂಡು ಕುಂತಿದ್ದಿ?"

"ಮುಗದ್ರ ನೀವು ಹೋಗ್ತೀರಲ್ರಿ."

ಹೊಸ ವರದಿ ಬರೆದು ಕಸ್ತೂರಿ ತಾವೇ ಬೆಳಗಾವಿಗೆ ಹೋದರು. ಆ ದಂಪತಿಯ ಮನೆಯ ಅಂಗಳದಲ್ಲಿ ಬೇರೊಂದು ಮಗು ಮೂರು ಗಾಲಿಯ ಸೈಕಲ್ ತುಳಿಯುತ್ತಿತ್ತು. ಚಹಾ ಕುಡಿದು, ಮಗು ಚೆಂದ ಅದ ಎಂದು ಹೇಳಿ ಬಂದರು. ವರದಿ ಚೀಲದಲ್ಲೇ ಉಳಿಯಿತು, ನನ್ನ ಪಕ್ಕದಲ್ಲಿ.

ಅಂದಿನಿಂದ ಯಾವ ಮಗು ಬಂದರೂ, ನನ್ನನ್ನು ಒತ್ತುವ ಮೊದಲು "ಮುಗದ ಮ್ಯಾಲೂ ನಾ ಇರ್ತೀನಿ" ಎಂದು ಹೇಳುತ್ತಿದ್ದರು; ಹೇಳಿದಂತೆ ಇರುತ್ತಿದ್ದರು. ದಾಕ್ಷಾಯಿಣಿಯನ್ನು ಮಾತ್ರ ಮತ್ತೆ ಯಾರೂ ಕೇಳಲಿಲ್ಲ. ಬೆಳೆದ ಮಕ್ಕಳನ್ನು ಕೇಳುವವರು ಕಡಿಮೆ.

ಹದಿನೆಂಟಾದಾಗ ನಿಯಮದಂತೆ ಅವಳು ಅಲ್ಲಿಂದ ಹೊರಡಬೇಕಾಯಿತು. ಕೊನೆಯ ಪರೀಕ್ಷೆಯನ್ನು ಸರಸರ ಮುಗಿಸಿ, ನನ್ನನ್ನು ಚೀಲಕ್ಕೆ ಹಾಕಿ, ಚೀಲವನ್ನು ಡಾಕ್ಟರ ಹೆಗಲಿಗೆ ತಾನೇ ಏರಿಸಿದಳು.

"ಇನ್ನೊಂದು ತಾಸು ಇರ್ತೀನವಾ."

"ಬ್ಯಾಡ್ರಿ ಬಾಯಾರ. ನಂಗ ರೂಢಿ ಆಗೇದ."

ಈಗ ನನ್ನ ಸ್ಪ್ರಿಂಗು ಮುರಿದಿದೆ. ನಿವೃತ್ತ ಕಸ್ತೂರಿಯವರ ಮೇಜಿನ ಖಾನೆಯಲ್ಲಿ ಬಿದ್ದಿದ್ದೇನೆ. ಆ ಐದು ನಿಮಿಷಗಳನ್ನು ನಾನು ಅಳೆದದ್ದರಲ್ಲಿ ಒಂದು ಸೆಕೆಂಡೂ ತಪ್ಪಿರಲಿಲ್ಲ. ತಪ್ಪಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು. ದಾಕ್ಷಾಯಿಣಿ ಹುಬ್ಬಳ್ಳಿಯಲ್ಲಿ ನರ್ಸು. ವರ್ಷಕ್ಕೊಮ್ಮೆ ಬರುತ್ತಾಳೆ. ಕಸ್ತೂರಿ ಒಳಗೆ ಎರಡು ತಟ್ಟೆ ಹಾಕಿಟ್ಟಿರುತ್ತಾರೆ. ಅವಳು ಬಾಗಿಲಲ್ಲೇ ನಿಂತು, ಚಪ್ಪಲಿ ಬಿಡದೆ, ಚೆಂದಾಗಿ ಮಾತಾಡಿ ಹೋಗುತ್ತಾಳೆ.